ದುಕೂಲ ಶಬ್ದದ ಅರ್ಥವಿಚಾರ

ಹಳಗನ್ನಡ ಕಾವ್ಯಗಳಲ್ಲಿ ದುಕೂಲವೆಂದಾಗಲಿ ಅದರ ತದ್ಭವವಾದ ದುಗುಲವೆಂದಾಗಲಿ ಬಂದೆಡೆಯಲ್ಲಿ 'ರೇಷ್ಮೆಯ ವಸ್ತ್ರ'ವೆಂದು ಅರ್ಥ ಬರೆದು ಮುಂದೆ ಸಾಗುವುದು ವಾಡಿಕೆಯಾಗಿರುವುದು. ಪ್ರಾಚೀನ ಗ್ರಂಥಗಳ ಸಾಕ್ಷ್ಯವನ್ನು ನೋಡಿದರೆ ಈ ಅರ್ಥವು ಸಂದೇಹಾಸ್ಪದವೆಂದೇ ತೋರುವುದು.

ಅಮರಸಿಂಹನು ವಸ್ತ್ರಗಳನ್ನು ಅವುಗಳ ಉತ್ಪತ್ತಿಸ್ಥಾನದಿಂದ ವಿಂಗಡಿಸಿರುವನು. ಕ್ಷೌಮಾದಿಗಳು ತೊಗಟೆಯ ನಾರಿನಿಂದಾದುವು; ಕಾರ್ಪಾಸವು ಕಾಯಿಯಿಂದ, ಕೌಶೇಯವು ಹುಳುವಿನ ಗೂಡಿನಿಂದ, ರಾಂಕವವು ಮೃಗದ ರೋಮದಿಂದ. ದುಕೂಲಕ್ಕೆ ಆತನು ಹೇಳುವ ಪರ್ಯಾಯಪದವು ಕ್ಷೌಮವೇ ಹೊರತು ಕೌಶೇಯವಲ್ಲ. ಎಂದರೆ, ಅಮರನ ಮತದಂತೆ ದುಕೂಲವು ನಾರಿನ ಬಟ್ಟೆಯೇ ಸರಿ.

ಮೈಸೂರಿನ ಪ್ರಾಚ್ಯ ಗ್ರಂಥಾಲಯದ ಪ್ರತಿಯಿಂದ ಆರ್. ಶಾಮಶಾಸ್ತ್ರಿಗಳು 1909ರಲ್ಲಿ ಪ್ರಕಟಿಸಿದ ಕೌಟಿಲ್ಯನ ಅರ್ಥಶಾಸ್ತ್ರವು ಈ ವಿಷಯದಲ್ಲಿ ಇನ್ನೂ ವಿಶದವಾದುದು. ಅಲ್ಲಿ ದುಕೂಲವು ಮೂರು ಬಗೆ: ವಂಗದೇಶದ್ದು ಬೆಳ್ಳಗೆ ನುಣುಪಾದುದು, ಪುಂಡ್ರದೇಶದ್ದು ಕಪ್ಪಾಗಿ ಮಣಿಯಂತೆ ನಯವಾದುದು, ಸುವರ್ಣಕುಡ್ಯದ್ದು ಸೂರ್ಯವರ್ಣದ್ದು. ಕೌಶೇಯವೂ ಚೀನಪಟ್ಟವೂ ಅಲ್ಲಿ ಬೇರೆಯಾಗಿಯೇ ಹೇಳಲ್ಪಟ್ಟಿವೆ. ಏಳನೆಯ ಶತಮಾನದ ಬಾಣನು ಹರ್ಷಚರಿತದಲ್ಲಿ ರಾಜ್ಯಶ್ರೀಯ ವಿವಾಹಸಂಭ್ರಮವನ್ನು ವರ್ಣಿಸುವಾಗ ದುಕೂಲವನ್ನೂ, ಹುಳುವಿನ ಜೊಲ್ಲಿನ ನೂಲಿನಿಂದಾದ ಲಾಲಾತಂತುಜವನ್ನೂ ಬೇರೆಬೇರೆಯಾಗಿ ಎಣಿಸಿರುವನು. ಆದರೆ ಕ್ಷೌಮವನ್ನೂ ಅವನು ದುಕೂಲದಿಂದ ಬೇರೆ ಮಾಡಿರುವುದರಿಂದ, ಅಮರನ ಪರ್ಯಾಯವನ್ನು ನೇಯ್ಗೆಯವರ ಮಾತಿನಂತೆ ಕಟ್ಟುನಿಟ್ಟಾಗಿ ಹಿಡಿಯಲಾಗದು.

ಹಾಗಾದರೆ ರೇಷ್ಮೆಯ ಅರ್ಥವು ಹೇಗೆ ಬಂದಿತು? ನುಣುಪು, ಹೊಳಪು, ಮಂಗಳಕಾರ್ಯಗಳಲ್ಲಿ ಉಡುವಿಕೆ ಇವು ಎರಡಕ್ಕೂ ಸಮಾನ. ನಯವಾದ ನಾರಿನ ನೇಯ್ಗೆ ವಿರಳವಾದಂತೆ ಹೆಸರು ರೇಷ್ಮೆಗೆ ಸಂದಿತೆಂದು ಊಹಿಸಬಹುದು. ಕನ್ನಡದಲ್ಲಿ ಮತ್ತೊಂದು ತೊಡಕೂ ಉಂಟು. 'ನಾರುಮಡಿ' ಎಂದೊಡನೆ ನಮ್ಮ ಕಣ್ಣಮುಂದೆ ನಿಲ್ಲುವುದು ವನವಾಸಿಗಳ ಒರಟು ವಲ್ಕಲ. ರಾಜಕುಮಾರಿಯ ಉಡುಗೆಗೆ ಆ ಮಾತನ್ನು ಬರೆಯಲು ಟೀಕಾಕಾರನ ಲೇಖನಿ ಹಿಂಜರಿದಿದ್ದರೆ ಆಶ್ಚರ್ಯವಿಲ್ಲ. ಆದರೂ ಮೂಲದಲ್ಲಿ ಕೇವಲ ಬಿಳುಪು ನುಣುಪುಗಳೇ ವರ್ಣಿತವಾಗಿರುವಲ್ಲಿ 'ನವುರಾದ ಮಡಿ'ಯೆಂದು ಬರೆಯುವುದೇ ಯುಕ್ತ.

ಶಬ್ದದ ವ್ಯುತ್ಪತ್ತಿ ಇನ್ನೂ ವಿವಾದಗ್ರಸ್ತ. 'ಕೂಲ'ವೆಂದರೆ ಬಟ್ಟೆ, ಜೋಡಿಬಟ್ಟೆಯೇ ದುಕೂಲವೆಂದು ವಾಸುದೇವಶರಣ ಅಗ್ರವಾಲರ ಊಹೆ. ಆಕಾಶವು ಆಗಸವಾದಂತೆ ಕಕಾರವು ಗಕಾರವಾಗಿ ದುಗುಲವು ಸಿದ್ಧಿಸುವುದರಿಂದ ಕನ್ನಡರೂಪದಲ್ಲಿ ತೊಡಕಿಲ್ಲ. ನಯವಾದ ವಸ್ತ್ರವೆಂಬರ್ಥದ ತಮಿಳಿನ 'ತುಗಿಲ್' ಶಬ್ದವೂ ದುಕೂಲದಿಂದಲೇ ಬಂದಿತೋ, ಅಥವಾ ಎರಡಕ್ಕೂ ದೇಶ್ಯಮೂಲವೊಂದಿದ್ದಿತೋ ಎಂಬುದನ್ನು ಭಾಷಾಶಾಸ್ತ್ರಜ್ಞರು ವಿಚಾರಿಸಬೇಕಾಗಿದೆ.