ಉಡದಾರದಿಂದ ಕೀಲಿಗೊಂಚಲಿನವರೆಗೆ

ಚರಿತ್ರೆಯೆಂದರೆ ಕೋಟೆ ಕೊತ್ತಲಗಳು, ಅರಸು ಮನೆತನಗಳು, ಯುದ್ಧ ಮತ್ತು ಒಪ್ಪಂದಗಳು ಎಂದು ನಾವು ಬಹುಕಾಲ ಮಕ್ಕಳಿಗೆ ಪಾಠ ಹೇಳಿದೆವು. ಗದ್ವಾಲದ ಕೋಟೆಯನ್ನೂ ಅದರೊಡನೆ ನೆನೆಯುವ ಸೋಮನಾದ್ರಿಯನ್ನೂ ಕುರಿತು ಹೇಳಲು ಬೇಕಾದಷ್ಟಿದೆ. ನಾರಾಯಣಪೇಟೆ ಮತ್ತು ಗದ್ವಾಲದ ಸೀರೆಗಳನ್ನು ಕುರಿತು ಬಲ್ಲವರು ಬರೆದಿದ್ದಾರೆ. ಈ ಸ್ಮರಣ ಸಂಚಿಕೆಗೆ ಚರಿತ್ರೆಯ ಲೇಖನವೊಂದು ಬೇಕೆಂದು ಸಂಘದ ಮಿತ್ರರು ಕೇಳಿದಾಗ ನಮ್ಮ ಕೈ ತಾನಾಗಿ ಜೇಬಿನ ಕೀಲಿಗೊಂಚಲಿನ ಮೇಲೆ ಹೋಯಿತು. ಮನೆಯ ಎರಡು ಕೀಲಿಕೈಗಳ ಜೊತೆಗೆ ಅದರಲ್ಲಿ ಒಂದು ಉಗುರು ಕತ್ತರಿಯೂ ನಮ್ಮ ತಂದೆಯವರ ಕಾಲದ ಹಿತ್ತಾಳೆಯ ಚಿಮಟಿಗೆಯೂ ಇವೆ. ಈ ಸೀಮೆಯ ಜನರು ಮೈಮೇಲೆ ಧರಿಸಿ ತಿರುಗುತ್ತಿದ್ದ ಸಣ್ಣ ಸಾಧನಗಳಿಗೂ ಒಂದು ಚರಿತ್ರೆಯಿದೆ, ಅದನ್ನು ಯಾರೂ ಬರೆದಿಟ್ಟಂತಿಲ್ಲ ಎನ್ನಿಸಿತು.

ನಮ್ಮ ತಂದೆಯವರ ಕಾಲದಲ್ಲಿ ಮಕ್ತಲ್ ಕಡೆಯ ರೈತನ ಅಂಗಿಗೆ ಜೇಬು ಇದ್ದರೆ ಇತ್ತು, ಇಲ್ಲದಿದ್ದರೆ ಇಲ್ಲ. ಧೋತರ ಉಟ್ಟವನಿಗೆ ಸೊಂಟದ ಉಡದಾರವೇ ಆಧಾರ. ಪೆಟ್ಟಿಗೆಯ ಕೀಲಿಕೈಯನ್ನು ಅದಕ್ಕೇ ಕಟ್ಟುತ್ತಿದ್ದರು. ಅದರ ಪಕ್ಕದಲ್ಲಿ ಒಂದು ಸಣ್ಣ ಉಂಗುರಕ್ಕೆ ಪೋಣಿಸಿದ ಮೂರು ಸಾಧನಗಳು ತೂಗುತ್ತಿದ್ದವು: ಮುಳ್ಳು ಕೀಳುವ ಚಿಮಟಿಗೆ, ಕಿವಿಯ ಗುಗ್ಗೆ ತೆಗೆಯುವ ಕಡ್ಡಿ, ಹಲ್ಲುಕಡ್ಡಿ. ಎಲೆಯಡಿಕೆಯ ಚಂಚಿಯಲ್ಲಿ ಅಡಕತ್ತರಿ ಮತ್ತು ಸುಣ್ಣದಕಾಯಿ ಇರುತ್ತಿದ್ದವು. ಕುರಿ ಕಾಯುವವನಾದರೆ ಚಕಮಕಿಯ ಉಕ್ಕಿನ ತುಂಡು, ಬೆಣಚುಕಲ್ಲು, ಕಿಡಿ ಹಿಡಿಯಲು ಒಂದಿಷ್ಟು ಅರಳೆ ಇಟ್ಟುಕೊಳ್ಳುತ್ತಿದ್ದನು. ಹೆಂಗಸರ ಬಳಿ ಕೀಲಿಗೊಂಚಲು ಸೊಂಟದಲ್ಲಿರುತ್ತಿತ್ತು. ಅತ್ತೆ ಅದನ್ನು ಸೊಸೆಯ ಕೈಗಿತ್ತ ದಿನವೇ ಮನೆಯ ಯಜಮಾನಿಕೆ ಬದಲಾದಂತೆ. ತಾಳಿಯ ಸರಕ್ಕೋ ಬಳೆಗೋ ಸಿಕ್ಕಿಸಿದ ಎರಡು ಪಿನ್ನುಗಳು ಹರಿದ ಸೆರಗಿನಿಂದ ಹಿಡಿದು ಮಗುವಿನ ಕಾಲಿನ ಮುಳ್ಳಿನವರೆಗೆ ಎಲ್ಲಕ್ಕೂ ಒದಗುತ್ತಿದ್ದವು.

ಇವು ನಮ್ಮಲ್ಲಿ ಮಾತ್ರ ಇದ್ದವೆಂದು ಭಾವಿಸಬೇಕಾಗಿಲ್ಲ. ಸುಮಾರು 4000 ವರ್ಷಗಳಿಗೂ ಹಿಂದಿನ ಹರಪ್ಪ ನಗರದ ಅಗೆತದಲ್ಲಿ ಚಿಮಟಿಗೆ, ಕಿವಿಕಡ್ಡಿ ಮತ್ತು ಚುಚ್ಚುಗಡ್ಡಿ ಒಟ್ಟಿಗೆ ಸೇರಿದ ಲೋಹದ ಜೋಡಣೆ ದೊರೆತಿದೆ. ನಮ್ಮ ಮುತ್ತಜ್ಜನ ಉಡದಾರದ ಗೊಂಚಲಿಗೂ ಅದಕ್ಕೂ ಹೆಚ್ಚಿನ ವ್ಯತ್ಯಾಸವಿಲ್ಲ. ಇಂಗ್ಲೆಂಡಿನ ಕೇಂಬ್ರಿಜ್‌ನ ಫಿಟ್ಜ್‌ವಿಲಿಯಂ ವಸ್ತುಸಂಗ್ರಹಾಲಯದಲ್ಲಿ ರೋಮನ್ನರ ಕಾಲದ ಒಂದು ಸಾಧನವಿದೆ. ಚಮಚ, ಮುಳ್ಳುಚಮಚ, ಚಾಕು, ಹಲ್ಲುಕಡ್ಡಿ ಮುಂತಾದವು ಅದರಲ್ಲಿ ಮಡಚಿಕೊಳ್ಳುತ್ತವೆ. ನಮ್ಮ ನಾಡಿನಲ್ಲಿ 12ನೆಯ ಶತಮಾನದ ಕಲ್ಯಾಣದ ಶರಣರಲ್ಲಿ ಹಡಪದ ಅಪ್ಪಣ್ಣನವರ ಹೆಸರು ಎಲ್ಲರಿಗೂ ತಿಳಿದದ್ದು. ಹಡಪವೆಂದರೆ ಎಲೆಯಡಿಕೆಯ ಚೀಲವೆಂದೂ ಕ್ಷೌರಿಕನ ಹತಾರಗಳ ಚೀಲವೆಂದೂ ಅರ್ಥ ಹೇಳುತ್ತಾರೆ. ಯಾವ ಅರ್ಥವನ್ನು ಹಿಡಿದರೂ, ಸಣ್ಣ ಸಾಧನಗಳ ಚೀಲವೊಂದು ಒಬ್ಬ ಶರಣರ ಹೆಸರಿನೊಡನೆ ಸೇರಿ ಇಂದಿಗೂ ಉಳಿದಿದೆ.

ಈಚಿನ ಚರಿತ್ರೆಯನ್ನೂ ಸಂಕ್ಷೇಪವಾಗಿ ಹೇಳಬಹುದು. ಇಂದಿನ ಪಿನ್ನಿಗೆ ಅಮೆರಿಕದ ವಾಲ್ಟರ್ ಹಂಟ್ ಎಂಬವರು 1849ರಲ್ಲಿ ಹಕ್ಕುಪತ್ರ ಪಡೆದರು. ಸ್ವಿಟ್ಜರ್ಲೆಂಡಿನ ಕಾರ್ಲ್ ಎಲ್ಸೆನರ್ ಎಂಬ ಚಾಕು ತಯಾರಕರು 1891ರಲ್ಲಿ ತಮ್ಮ ದೇಶದ ಸೈನಿಕರಿಗೆ ಮಡಚುವ ಚಾಕುಗಳನ್ನು ಒದಗಿಸಿದರು. ಅಲಗಿನೊಡನೆ ಡಬ್ಬಿ ತೆರೆಯುವ ಸಾಧನವೂ, ಬಂದೂಕನ್ನು ಬಿಚ್ಚಲು ತಿರುಪುಳಿಯೂ ಅದರಲ್ಲಿದ್ದವು. ಎರಡನೆಯ ಮಹಾಯುದ್ಧದ ಕಾಲದಲ್ಲಿ, 1942ರಲ್ಲಿ, ಅಮೆರಿಕದ ಸೈನಿಕರಿಗಾಗಿ ಹೆಬ್ಬೆರಳಿನಷ್ಟು ಉದ್ದದ ಡಬ್ಬಿ ತೆರೆಯುವ ತಗಡೊಂದು ಸಿದ್ಧವಾಯಿತು. ಅವರು ಅದನ್ನು ಕೊರಳಿನ ಗುರುತಿನ ಬಿಲ್ಲೆಯ ಸರಪಳಿಗೆ ಸಿಕ್ಕಿಸಿಕೊಳ್ಳುತ್ತಿದ್ದರು. ನಮ್ಮವರ ಉಡದಾರ, ಅವರ ಸರಪಳಿ, ಇಂದಿನ ಯುವಕರ ಕೀಲಿಗೊಂಚಲು ಇವೆಲ್ಲಕ್ಕೂ ಮೂಲವಾದ ವಿಚಾರ ಒಂದೇ: ಬೇಕಾದ ಹೊತ್ತಿಗೆ ಕೈಗೆ ಸಿಗದ ದೊಡ್ಡ ಹತಾರಕ್ಕಿಂತ ಮೈಮೇಲಿರುವ ಸಣ್ಣ ಹತಾರ ಲೇಸು.

ಗಾತ್ರ ಸಣ್ಣದಾದರೂ ಇವುಗಳ ಹಿಂದಿರುವ ತಿಳಿವಳಿಕೆ ಸಣ್ಣದಲ್ಲ. ವಿಜ್ಞಾನದ ಶಿಕ್ಷಕರು ರಜೆಯಲ್ಲಿದ್ದಾಗ ನಾವು ಅಡಕತ್ತರಿಯನ್ನೇ ತರಗತಿಗೆ ಒಯ್ದು ಸನ್ನೆಯ ಪಾಠ ಮಾಡಿದ್ದುಂಟು. ಅದರ ತಿರುಗುಮೊಳೆ ಒಂದು ತುದಿಯಲ್ಲಿದೆ, ಅಡಿಕೆ ಆ ಮೊಳೆಯ ಹತ್ತಿರವಿದೆ, ನಾವು ಒತ್ತುವ ಕೈ ದೂರದಲ್ಲಿದೆ. ಆದ್ದರಿಂದ ಕೈಯ ಬಲ ಹಲವು ಪಟ್ಟಾಗಿ ಅಡಿಕೆಯ ಮೇಲೆ ಬೀಳುತ್ತದೆ. ಚಿಮಟಿಗೆಯಲ್ಲಿ ಇದು ತಿರುವುಮುರುವು. ಬೆರಳು ನಡುವೆ ಒತ್ತುತ್ತದೆ, ಮುಳ್ಳು ತುದಿಯಲ್ಲಿರುತ್ತದೆ. ಬಲ ಕಡಿಮೆಯಾಗುತ್ತದೆ, ಹಿಡಿತ ನಯವಾಗುತ್ತದೆ. ಮುಳ್ಳು ಮುರಿಯದೆ ಬರಬೇಕಾದರೆ ಬೇಕಾದದ್ದು ಆ ನಯವೇ. ಇಂದಿನ ಉಗುರು ಕತ್ತರಿಯಲ್ಲಿ ಈ ಎರಡು ಗುಣಗಳೂ ಕೂಡಿವೆ. ಮೇಲಿನ ಹಿಡಿ ಬಲವನ್ನು ಹೆಚ್ಚಿಸುತ್ತದೆ, ಕೆಳಗಿನ ಎರಡು ತಗಡುಗಳು ಚಿಮಟಿಗೆಯಂತೆ ಕೂಡಿ ಬಿಡುತ್ತವೆ.

ಇನ್ನು ನಮ್ಮ ಗಡಿನಾಡಿನ ಮಾತಿಗೆ ಬರೋಣ. ಗದ್ವಾಲ ಮತ್ತು ಆಲಂಪುರ ತಾಲೂಕುಗಳು 1956ರ ನವೆಂಬರ್ 1ರವರೆಗೆ ರಾಯಚೂರು ಜಿಲ್ಲೆಗೆ ಸೇರಿದ್ದವು. ರಾಜ್ಯಗಳ ಪುನರ್ವಿಂಗಡಣೆಯಲ್ಲಿ ರಾಯಚೂರು ಮೈಸೂರು ರಾಜ್ಯಕ್ಕೆ ಹೋಯಿತು, ಈ ಎರಡು ತಾಲೂಕುಗಳು ಆಂಧ್ರ ಪ್ರದೇಶಕ್ಕೆ ಬಂದವು. ಮಕ್ತಲ್, ನಾರಾಯಣಪೇಟೆಗಳು ಮಹಬೂಬನಗರ ಜಿಲ್ಲೆಯಲ್ಲೇ ಉಳಿದವು. 2014ರಲ್ಲಿ ತೆಲಂಗಾಣ ರಾಜ್ಯವಾಯಿತು, 2016ರಲ್ಲಿ ಜೋಗುಳಾಂಬ ಗದ್ವಾಲ ಜಿಲ್ಲೆ, 2019ರಲ್ಲಿ ನಾರಾಯಣಪೇಟೆ ಜಿಲ್ಲೆ ಆದವು. ಇಷ್ಟು ಸಲ ಕಚೇರಿಗಳ ಫಲಕ ಬದಲಾದರೂ ಉಡದಾರದ ಸಾಧನಗಳು ಯಾವ ಆದೇಶಕ್ಕೂ ಕಾಯಲಿಲ್ಲ. ಅವು ಮೂರು ಭಾಷೆಗಳ ಮನೆಗಳಲ್ಲಿಯೂ ಸಲೀಸಾಗಿ ಓಡಾಡಿಕೊಂಡಿದ್ದವು.

ಅವುಗಳ ಹೆಸರುಗಳೇ ಇದಕ್ಕೆ ಸಾಕ್ಷಿ. ನಮ್ಮ ಅಡಕತ್ತರಿ ತೆಲುಗಿನಲ್ಲಿ ಅಡಕತ್ತೆರ, ಉರ್ದುವಿನಲ್ಲಿ ಸರೋತಾ. ಅಡಕತ್ತರಿಯಲ್ಲಿ ಸಿಕ್ಕ ಅಡಿಕೆ ಎಂಬ ಮಾತು ಕನ್ನಡ, ತೆಲುಗು ಎರಡರಲ್ಲಿಯೂ ಇದೆ. ಚಕಮಕಿ ತೆಲುಗಿಗೆ ಚೆಕುಮುಕಿ, ಉರ್ದುವಿಗೆ ಚಕ್‌ಮಾಕ್. ಈ ಪದದ ಮೂಲ ದೂರದ ತುರ್ಕಿ ಭಾಷೆಯಲ್ಲಿದೆ. ನಮ್ಮ ಚಿಮಟಿಗೆಗೂ ಉರ್ದುವಿನ ಚಿಮಟಿಗೂ ನಂಟಿರುವುದು ಕೇಳಿದೊಡನೆ ತಿಳಿಯುತ್ತದೆ. ಉಡದಾರವನ್ನು ತೆಲುಗಿನವರು ಮೊಲತಾಡು ಎನ್ನುತ್ತಾರೆ. ಎಲ್ಲಕ್ಕಿಂತ ಸೊಗಸಾದದ್ದು ಕೀಲಿಕೈ. ಕನ್ನಡಿಗರು ಅದನ್ನು ಕೀಲಿಯ ಕೈ ಎಂದರೆ, ತೆಲುಗಿನವರು ತಾಳಂಚೆವಿ, ಅಂದರೆ ಬೀಗದ ಕಿವಿ ಎನ್ನುತ್ತಾರೆ. ವಸ್ತು ಒಂದೇ ಆದರೂ ಒಬ್ಬರಿಗೆ ಅದು ಕೈಯಾಗಿ, ಇನ್ನೊಬ್ಬರಿಗೆ ಕಿವಿಯಾಗಿ ಕಂಡಿದೆ.

ಈ ಹೆಸರುಗಳನ್ನು ಇಷ್ಟು ವಿವರವಾಗಿ ಹೇಳುವುದಕ್ಕೆ ಕಾರಣವಿದೆ. ನಾವು ಮುಖ್ಯೋಪಾಧ್ಯಾಯರಾಗಿದ್ದ ಗಡಿಭಾಗದ ಕನ್ನಡ ಮಾಧ್ಯಮ ಶಾಲೆಯಲ್ಲಿ ಒಂದು ದಿನ ಖೋಖೋ ಆಡುತ್ತಿದ್ದ ಹುಡುಗನ ಅಂಗಾಲಿಗೆ ಬಳ್ಳಾರಿ ಜಾಲಿಯ ಮುಳ್ಳು ನೆಟ್ಟಿತು. ಅವನನ್ನು ಕಟ್ಟೆಯ ಮೇಲೆ ಕೂರಿಸಿ ನಮ್ಮ ಗೊಂಚಲಿನ ಚಿಮಟಿಗೆಯಿಂದ ಮುಳ್ಳು ತೆಗೆದೆವು. ನೋವು ಇಳಿದ ಮೇಲೆ ಅವನು ಕಣ್ಣೊರೆಸಿಕೊಂಡು, “ಸರ್, ಇದಕ್ಕ ಏನಂತಾರ್ರೀ?” ಎಂದು ಕೇಳಿದನು. ಅವನು ಕುರಿ ಕಾಯುವ ಮನೆತನದ ಹುಡುಗ. ಅವನ ಅಜ್ಜನ ಉಡದಾರದಲ್ಲಿ ಅದೇ ಚಿಮಟಿಗೆ ಇದ್ದುದನ್ನು ನಾವು ಕಂಡಿದ್ದೆವು. ಹತ್ತಾರು ವರ್ಷಗಳಲ್ಲಿ ವಸ್ತು ಆ ಮನೆಯಿಂದ ಹೋಗಿತ್ತು, ಅದರ ಬೆನ್ನಿಗೇ ಹೆಸರೂ ಹೋಗಿತ್ತು.

ಮರುದಿನ ಮಕ್ಕಳಿಗೆ ಒಂದು ಕೆಲಸ ಹೇಳಿದೆವು. ಮನೆಯ ಹಿರಿಯರನ್ನು ಕೇಳಿ, ಅವರು ಮೈಮೇಲೆ ಧರಿಸುತ್ತಿದ್ದ ಸಾಧನಗಳ ಹೆಸರು ಬರೆದು ತರಬೇಕು; ವಸ್ತು ಸಿಕ್ಕರೆ ಅದನ್ನೂ ತರಬೇಕು. ಒಂದು ವಾರದಲ್ಲಿ ನಮ್ಮ ಮೇಜಿನ ಮೇಲೆ ತುಕ್ಕು ಹಿಡಿದ ಅಡಕತ್ತರಿಗಳು, ಮುಚ್ಚಳ ಕಳೆದುಕೊಂಡ ಸುಣ್ಣದಕಾಯಿಗಳು, ಕೀಲಿಯೇ ಇಲ್ಲದ ಕೀಲಿಕೈಗಳು ಬಂದು ಬಿದ್ದವು. ಮೂರು ಭಾಷೆಗಳ ಹೆಸರುಗಳನ್ನು ಮಕ್ಕಳೇ ದೊಡ್ಡ ಹಾಳೆಯ ಮೇಲೆ ಬರೆದು ಗೋಡೆಗೆ ಅಂಟಿಸಿದರು. ಮುಂದೆ ಒಂದು ಬೇಸಿಗೆ ರಜೆಯಲ್ಲಿ ಗೋಡೆಗೆ ಸುಣ್ಣ ಬಳಿದಾಗ ಆ ಹಾಳೆ ಹೋಯಿತು. ಅದರ ಪ್ರತಿಯೊಂದನ್ನು ಇಟ್ಟುಕೊಳ್ಳದಿದ್ದುದು ನಮ್ಮದೇ ತಪ್ಪು. ಮೇಲೆ ಕೊಟ್ಟ ಹೆಸರುಗಳು ಆ ಹಾಳೆಯಿಂದ ನಮ್ಮ ನೆನಪಿನಲ್ಲಿ ಉಳಿದಷ್ಟು ಮಾತ್ರ.

ಹಳೆಯದೆಲ್ಲ ಒಳ್ಳೆಯದೆಂಬ ಹಟ ನಮಗಿಲ್ಲ. ಬೆಂಕಿಪೆಟ್ಟಿಗೆ ಬಂದ ಮೇಲೆ ಚಕಮಕಿಯನ್ನು ಹೊರುವವರಾರು? ಕಿವಿಗೆ ಕಡ್ಡಿ ಹಾಕಬಾರದೆಂದು ವೈದ್ಯರು ಹೇಳುವುದು ಸರಿಯಾಗಿಯೇ ಇದೆ. ಇಂದಿನ ಯುವಕರ ಕೀಲಿಗೊಂಚಲಿನಲ್ಲಿ ಸಣ್ಣ ಟಾರ್ಚು, ತಿರುಪುಳಿ, ಬಾಟಲಿ ತೆರೆಯುವ ಕೊಕ್ಕೆ ತೂಗುವುದನ್ನು ಕಂಡರೆ ನಮಗೆ ಸಂತೋಷವೇ ಆಗುತ್ತದೆ. ಉಡದಾರವಿದ್ದ ಕಾಲದ ಒಂದು ನಡವಳಿಕೆಯನ್ನು ಮಾತ್ರ ಅವರಿಗೆ ನೆನಪಿಸಲು ಬಯಸುತ್ತೇವೆ. ಹೊಲದಲ್ಲಿ ಹತ್ತು ಆಳುಗಳಿದ್ದರೆ ಚಿಮಟಿಗೆ ಒಬ್ಬನ ಬಳಿ ಇರುತ್ತಿತ್ತು, ಮುಳ್ಳು ಯಾರಿಗೆ ನೆಟ್ಟರೂ ಅವನೇ ಬರುತ್ತಿದ್ದನು. ಅಡಕತ್ತರಿ ಕಟ್ಟೆಯ ಮೇಲಿನ ಎಲ್ಲರ ಕೈಗೂ ಹೋಗಿ ಬರುತ್ತಿತ್ತು. ಧರಿಸಿದವನಿಗಿಂತ ಪಕ್ಕದವನಿಗೇ ಅದರ ಪ್ರಯೋಜನ ಹೆಚ್ಚು.

ಸಂಘದ ಬಂಧುಗಳಲ್ಲಿ ನಮ್ಮದೊಂದು ವಿನಂತಿ. ಮುಂದಿನ ಸಮ್ಮೇಳನದಲ್ಲಿ ಪುಸ್ತಕಗಳ ಮಳಿಗೆಯ ಪಕ್ಕದಲ್ಲಿ ಒಂದು ಮೇಜನ್ನು ಇದಕ್ಕೆ ಬಿಟ್ಟುಕೊಡಿ. ಪ್ರತಿ ಕುಟುಂಬದವರೂ ತಮ್ಮ ಮನೆಯ ಒಂದು ಸಣ್ಣ ಸಾಧನವನ್ನು ತಂದು, ಅದರ ಹೆಸರನ್ನು ತಮ್ಮ ಮಕ್ಕಳ ಕೈಯಿಂದ ಮೂರು ಭಾಷೆಗಳಲ್ಲಿ ಬರೆಸಿ ಇಡಲಿ. ಈ ಸಲ ಆ ಪಟ್ಟಿಯ ಪ್ರತಿಯೊಂದನ್ನು ಸಂಘದ ಕಡತದಲ್ಲಿ ಇರಿಸೋಣ. ನಿವೃತ್ತಿಯ ದಿನ ನಾವು ಶಾಲೆಯ ಕೀಲಿಕೈಗಳನ್ನೆಲ್ಲ ಎಣಿಸಿ ಒಪ್ಪಿಸಿ, ಚಿಮಟಿಗೆಯೊಂದನ್ನು ಬಿಚ್ಚಿ ಮನೆಗೆ ತಂದೆವು. ಮೇಜು ಸಿದ್ಧವಾದರೆ ಅದರ ಮೇಲೆ ಮೊದಲು ಇಡಲು ಅದು ಸಿದ್ಧವಾಗಿದೆ.