ರಕ್ತಗುಂಪು ನಿರ್ಣಯ ಮತ್ತು ರಕ್ತನಿಧಿಯ ಗುಣಮಟ್ಟ ನಿಯಂತ್ರಣ: ಇತಿಹಾಸ

ರಕ್ತಗುಂಪು ನಿರ್ಣಯವೆಂದರೆ ವ್ಯಕ್ತಿಯ ಕೆಂಪು ರಕ್ತಕಣಗಳ ಮೇಲ್ಮೈಯಲ್ಲಿರುವ ಪ್ರತಿಜನಕಗಳನ್ನೂ, ಹೆಪ್ಪುಗಟ್ಟಿದ ರಕ್ತದಿಂದ ಬೇರ್ಪಡುವ ತಿಳಿದ್ರವವಾದ ಸೀರಮ್ಮಿನಲ್ಲಿರುವ ಪ್ರತಿಕಾಯಗಳನ್ನೂ ಪ್ರಯೋಗಾಲಯದಲ್ಲಿ ಪತ್ತೆಹಚ್ಚಿ, ಯಾರ ರಕ್ತ ಯಾರಿಗೆ ಸಲ್ಲುತ್ತದೆ ಎಂಬುದನ್ನು ಗೊತ್ತುಪಡಿಸುವ ವಿಧಾನ. ಪ್ರತಿಜನಕವೆಂಬುದು ದೇಹದ ರಕ್ಷಣಾವ್ಯವಸ್ಥೆ ತನ್ನದು ಅಥವಾ ಪರಕೀಯ ಎಂದು ಗುರುತಿಸಬಲ್ಲ ರಾಸಾಯನಿಕ ರಚನೆ. ಪ್ರತಿಕಾಯವೆಂಬುದು ಪರಕೀಯ ರಚನೆಗೆ ಅಂಟಿಕೊಳ್ಳುವ ಪ್ರೋಟೀನು. ಇವೆರಡೂ ಸಂಧಿಸಿದಾಗ ಕೆಂಪುಕಣಗಳು ಒಂದಕ್ಕೊಂದು ಕೂಡಿಕೊಂಡು ಗಂಟುಗಟ್ಟುತ್ತವೆ. ಬರಿಗಣ್ಣಿಗೂ ಕಾಣುವ ಈ ಗಂಟುಗಟ್ಟುವಿಕೆಯೇ ನೂರಿಪ್ಪತ್ತು ವರ್ಷಗಳಿಂದ ರಕ್ತಗುಂಪು ಪರೀಕ್ಷೆಯ ಆಧಾರವಾಗಿದೆ. ಆದರೆ ಗಂಟು ಕಾಣಿಸಲಿಲ್ಲವೆಂದ ಮಾತ್ರಕ್ಕೆ ಪ್ರತಿಜನಕವಿಲ್ಲವೆಂದು ಹೇಳಲಾಗದು, ಕಾಣಿಸಿದ ಗಂಟೆಲ್ಲವೂ ನಿಜವಾದದ್ದೂ ಅಲ್ಲ. ಆದ್ದರಿಂದ ಈ ಶಾಸ್ತ್ರದ ಇತಿಹಾಸವು ಹೊಸ ಗುಂಪುಗಳ ಶೋಧದ ಇತಿಹಾಸವಾಗಿರುವಷ್ಟೇ, ಪರೀಕ್ಷೆಯೊಂದನ್ನು ನಂಬಿಕೆಗೆ ಅರ್ಹವಾಗಿಸುವ ಪ್ರಯತ್ನದ ಇತಿಹಾಸವೂ ಆಗಿದೆ.

ಆರಂಭದ ಪ್ರಯತ್ನಗಳು

ವಿಲಿಯಂ ಹಾರ್ವೆ 1628ರಲ್ಲಿ ರಕ್ತಪರಿಚಲನೆಯನ್ನು ನಿರೂಪಿಸಿದ ಬಳಿಕ ಒಂದು ದೇಹದ ರಕ್ತವನ್ನು ಇನ್ನೊಂದಕ್ಕೆ ಹರಿಸುವ ಯತ್ನಗಳು ಯುರೋಪಿನಲ್ಲಿ ಆರಂಭವಾದವು. 1665ರಲ್ಲಿ ಆಕ್ಸ್‌ಫರ್ಡಿನ ರಿಚರ್ಡ್ ಲೋವರ್ ನಾಯಿಯಿಂದ ನಾಯಿಗೆ ರಕ್ತ ಹರಿಸಿದ; 1667ರಲ್ಲಿ ಪ್ಯಾರಿಸ್ಸಿನ ಜಾನ್ ಬ್ಯಾಪ್ಟಿಸ್ಟ್ ಡೆನಿ ಪ್ರಾಣಿಗಳ ರಕ್ತವನ್ನು ಮನುಷ್ಯರಿಗೆ ಕೊಟ್ಟ. ಅವನ ರೋಗಿಯೊಬ್ಬ ಸತ್ತು ಪ್ರಕರಣ ನ್ಯಾಯಾಲಯದ ಮೆಟ್ಟಿಲೇರಿದ ಮೇಲೆ ಈ ಚಿಕಿತ್ಸೆಗೆ ನಿಷೇಧ ಬಿದ್ದು, ಸುಮಾರು ಒಂದೂವರೆ ಶತಮಾನ ಅದರ ಗೊಡವೆಗೆ ಯಾರೂ ಹೋಗಲಿಲ್ಲ. ಹೆರಿಗೆಯ ನಂತರದ ರಕ್ತಸ್ರಾವದಿಂದ ತಾಯಂದಿರು ಸಾಯುವುದನ್ನು ಕಂಡಿದ್ದ ಲಂಡನ್ನಿನ ಪ್ರಸೂತಿತಜ್ಞ ಜೇಮ್ಸ್ ಬ್ಲಂಡೆಲ್ 1818ರಲ್ಲಿ ಮನುಷ್ಯನ ರಕ್ತವನ್ನೇ ಮನುಷ್ಯನಿಗೆ ಕೊಡುವ ಪದ್ಧತಿಯನ್ನು ಆರಂಭಿಸಿದ. ಅವನ ರೋಗಿಗಳಲ್ಲಿ ಕೆಲವರು ಉಳಿದರು, ಕೆಲವರು ಉಳಿಯಲಿಲ್ಲ. ಈ ವ್ಯತ್ಯಾಸದ ಕಾರಣ ಮಾತ್ರ ಆಗ ಯಾರಿಗೂ ತಿಳಿದಿರಲಿಲ್ಲ. 1875ರಲ್ಲಿ ಜರ್ಮನಿಯ ಲಿಯೊನಾರ್ಡ್ ಲಾಂಡೊಯಿಸ್, ಒಂದು ಜಾತಿಯ ಪ್ರಾಣಿಯ ಕೆಂಪುಕಣಗಳು ಇನ್ನೊಂದು ಜಾತಿಯ ಸೀರಮ್ಮಿನಲ್ಲಿ ಗಂಟುಗಟ್ಟಿ ಒಡೆಯುತ್ತವೆ ಎಂದು ತೋರಿಸಿದಾಗ ಉತ್ತರದ ಅರ್ಧಭಾಗ ಸಿಕ್ಕಿತು.

ಲ್ಯಾಂಡ್‌ಸ್ಟೈನರ್ ಮತ್ತು ಎಬಿಓ ಗುಂಪುಗಳು

ಉಳಿದರ್ಧವನ್ನು ಕೊಟ್ಟವನು ವಿಯೆನ್ನಾದ ಕಾರ್ಲ್ ಲ್ಯಾಂಡ್‌ಸ್ಟೈನರ್ (1868–1943). ಅವನು ತನ್ನ ಹಾಗೂ ಸಹೋದ್ಯೋಗಿಗಳ ರಕ್ತವನ್ನು ಸೀರಮ್ ಮತ್ತು ಕಣಗಳಾಗಿ ಬೇರ್ಪಡಿಸಿ, ಪ್ರತಿಯೊಬ್ಬರ ಸೀರಮ್ಮನ್ನು ಉಳಿದ ಪ್ರತಿಯೊಬ್ಬರ ಕಣಗಳೊಡನೆ ಬೆರೆಸಿ ನೋಡಿದ. ಯಾರ ಸೀರಮ್ಮೂ ತನ್ನದೇ ಕಣಗಳನ್ನು ಗಂಟುಗಟ್ಟಿಸಲಿಲ್ಲ. ಆದರೆ ಕೆಲವರ ಸೀರಮ್ ಬೇರೆ ಕೆಲವರ ಕಣಗಳನ್ನು ಖಚಿತವಾದೊಂದು ಕ್ರಮದಲ್ಲಿ ಗಂಟುಗಟ್ಟಿಸಿತು. ಇದು ರೋಗದ ಲಕ್ಷಣವಲ್ಲ, ಆರೋಗ್ಯವಂತರಲ್ಲಿಯೇ ಇರುವ ಸಹಜ ವ್ಯತ್ಯಾಸ ಎಂದು 1901ರ ಲೇಖನದಲ್ಲಿ ಪ್ರತಿಪಾದಿಸಿ ಅವನು ಎ, ಬಿ, ಸಿ ಎಂಬ ಮೂರು ಗುಂಪುಗಳನ್ನು ಗುರುತಿಸಿದ. ಇವುಗಳಲ್ಲಿ ಸಿ ಗುಂಪು ಮುಂದೆ ಓ ಎಂದಾಯಿತು. ಮರುವರ್ಷ ಡೆಕಾಸ್ಟೆಲೊ ಮತ್ತು ಸ್ಟುರ್ಲಿ ಎಬಿ ಗುಂಪನ್ನು ಕಂಡುಹಿಡಿದರು. ಎ ಕಣವುಳ್ಳವರ ಸೀರಮ್ಮಿನಲ್ಲಿ ಆಂಟಿ-ಬಿ, ಬಿ ಕಣವುಳ್ಳವರಲ್ಲಿ ಆಂಟಿ-ಎ, ಓ ಗುಂಪಿನವರಲ್ಲಿ ಎರಡೂ ಇರುತ್ತವೆ, ಎಬಿ ಗುಂಪಿನವರಲ್ಲಿ ಎರಡೂ ಇರುವುದಿಲ್ಲ ಎಂಬ ನಿಯಮ ಹೀಗೆ ಸ್ಥಾಪಿತವಾಯಿತು. ಈ ಶೋಧಕ್ಕಾಗಿ ಲ್ಯಾಂಡ್‌ಸ್ಟೈನರನಿಗೆ 1930ರಲ್ಲಿ ನೊಬೆಲ್ ಪ್ರಶಸ್ತಿ ಬಂದಿತು.

ಇದೇ ನಿಯಮದಲ್ಲಿ ಪರೀಕ್ಷೆಯನ್ನು ಒರೆಹಚ್ಚುವ ಸಾಧನವೂ ಅಡಗಿತ್ತು. ಗೊತ್ತಿರುವ ಪ್ರತಿಕಾಯಗಳಿಂದ ವ್ಯಕ್ತಿಯ ಕಣಗಳನ್ನು ಪರೀಕ್ಷಿಸುವುದು ನೇರ ನಿರ್ಣಯ. ಗೊತ್ತಿರುವ ಕಣಗಳಿಂದ ಅವನ ಸೀರಮ್ಮನ್ನು ಪರೀಕ್ಷಿಸುವುದು ವಿಲೋಮ ನಿರ್ಣಯ. ಒಂದರ ಫಲಿತಾಂಶ ಇನ್ನೊಂದಕ್ಕೆ ತಾಳೆಯಾಗದಿದ್ದರೆ ಎಲ್ಲೋ ತಪ್ಪಾಗಿದೆ ಅಥವಾ ರಕ್ತದಲ್ಲೇ ಏನೋ ವಿಶೇಷವಿದೆ ಎಂದರ್ಥ. ಪ್ರತಿಕಾಯಗಳು ಇನ್ನೂ ಬೆಳೆದಿರದ ನವಜಾತ ಶಿಶುಗಳನ್ನು ಬಿಟ್ಟರೆ ಉಳಿದೆಲ್ಲರಲ್ಲೂ ಈ ಎರಡು ದಾರಿಯ ಪರೀಕ್ಷೆ ಇಂದಿಗೂ ಕಡ್ಡಾಯ ಕ್ರಮವಾಗಿದೆ.

ನ್ಯೂಯಾರ್ಕಿನ ರೂಬೆನ್ ಆಟೆನ್‌ಬರ್ಗ್ 1907ರಲ್ಲಿ ರಕ್ತ ಕೊಡುವುದಕ್ಕೆ ಮುನ್ನ ದಾನಿ ಮತ್ತು ರೋಗಿಯ ರಕ್ತವನ್ನು ಬೆರೆಸಿ ನೋಡುವ ಹೊಂದಾಣಿಕೆ ಪರೀಕ್ಷೆಯನ್ನು, ಅಂದರೆ ಕ್ರಾಸ್‌ಮ್ಯಾಚ್ ವಿಧಾನವನ್ನು, ಬಳಕೆಗೆ ತಂದ. ಫಾನ್ ಡುಂಗರ್ನ್ ಮತ್ತು ಲುಡ್ವಿಕ್ ಹಿರ್ಷ್‌ಫೆಲ್ಡ್ 1910ರಲ್ಲಿ ಗುಂಪುಗಳು ವಂಶಪಾರಂಪರ್ಯವಾಗಿ ಬರುತ್ತವೆಂದು ತೋರಿಸಿದರು. ಮೊದಲ ಮಹಾಯುದ್ಧದಲ್ಲಿ ಸಲೋನಿಕಾ ರಣರಂಗದಲ್ಲಿದ್ದ ಲುಡ್ವಿಕ್ ಮತ್ತು ಹನ್ನಾ ಹಿರ್ಷ್‌ಫೆಲ್ಡ್ ದಂಪತಿ ಹಲವು ದೇಶಗಳ ಸೈನಿಕರ ರಕ್ತವನ್ನು ಪರೀಕ್ಷಿಸಿ 1919ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಭಾರತೀಯ ಸೈನಿಕರೂ ಇದ್ದರು. ಪಶ್ಚಿಮ ಯುರೋಪಿನವರಲ್ಲಿ ವಿರಳವಾಗಿದ್ದ ಬಿ ಗುಂಪು ಭಾರತೀಯರ ಪೈಕಿ ಐದರಲ್ಲಿ ಎರಡು ಪಾಲು ಜನರಲ್ಲಿ ಕಂಡುಬಂದದ್ದು ಜನಸಮುದಾಯಗಳ ರಕ್ತಗುಂಪು ಅಧ್ಯಯನಕ್ಕೆ ನಾಂದಿಯಾಯಿತು.

ಹೆಸರಿಡುವಿಕೆಯ ಗೊಂದಲ ಮತ್ತು ಮೊದಲ ಪ್ರಮಾಣೀಕರಣ

1907ರಲ್ಲಿ ಪ್ರಾಗ್‌ನ ಯಾನ್ ಯಾನ್ಸ್ಕಿ ಮತ್ತು 1910ರಲ್ಲಿ ಅಮೆರಿಕದ ವಿಲಿಯಂ ಮಾಸ್ ಪರಸ್ಪರ ಅರಿವಿಲ್ಲದೆ ನಾಲ್ಕು ಗುಂಪುಗಳಿಗೆ ಅಂಕಿಗಳನ್ನು ಕೊಟ್ಟರು. ಯಾನ್ಸ್ಕಿಯ ಒಂದನೆಯ ಗುಂಪೆಂದರೆ ಓ, ನಾಲ್ಕನೆಯದೆಂದರೆ ಎಬಿ. ಮಾಸ್‌ನ ಕ್ರಮದಲ್ಲಿ ಇದು ತಿರುಗಾಮುರುಗಾ ಆಗಿತ್ತು. ಒಂದು ಆಸ್ಪತ್ರೆಯ ಚೀಟಿಯಲ್ಲಿ ಎಲ್ಲರಿಗೂ ಕೊಡಬಹುದಾದ ರಕ್ತವೆಂದು ಸೂಚಿಸುತ್ತಿದ್ದ ಅಂಕಿ ಇನ್ನೊಂದು ಆಸ್ಪತ್ರೆಯಲ್ಲಿ ಬಹುಪಾಲು ರೋಗಿಗಳಿಗೆ ಪ್ರಾಣಾಂತಿಕವಾಗಬಲ್ಲ ರಕ್ತವನ್ನು ಸೂಚಿಸುತ್ತಿತ್ತು. ರಾಷ್ಟ್ರಸಂಘದ ಜೈವಿಕ ಪ್ರಮಾಣೀಕರಣ ಆಯೋಗವು 1928ರಲ್ಲಿ ಅಕ್ಷರಗಳ ಹೆಸರನ್ನೇ ಅಂಗೀಕರಿಸಿದ ಮೇಲೆ ಈ ಗೊಂದಲ ಕ್ರಮೇಣ ನೀಗಿತು. ಪರೀಕ್ಷೆ ಸರಿಯಿದ್ದರೂ ಬರವಣಿಗೆ ತಪ್ಪಿದರೆ ಜೀವ ಹೋಗುತ್ತದೆಂಬ ಪಾಠವನ್ನು ರಕ್ತನಿಧಿಗಳು ಕಲಿತದ್ದು ಇಲ್ಲಿಂದ.

ಸಂಗ್ರಹಿಸಿದ ರಕ್ತ

ರಕ್ತ ಹೆಪ್ಪುಗಟ್ಟದಂತೆ ಸೋಡಿಯಂ ಸಿಟ್ರೇಟನ್ನು ಬಳಸುವ ವಿಧಾನವನ್ನು 1914–15ರಲ್ಲಿ ಬೆಲ್ಜಿಯಂನ ಆಲ್ಬರ್ಟ್ ಹಸ್ಟಿನ್, ಅರ್ಜೆಂಟೀನಾದ ಲೂಯಿಸ್ ಅಗೋಟೆ ಮತ್ತು ನ್ಯೂಯಾರ್ಕಿನ ರಿಚರ್ಡ್ ಲೆವಿಸೋನ್ ಬೇರೆಬೇರೆಯಾಗಿ ರೂಪಿಸಿದರು. 1917ರಲ್ಲಿ ಆಸ್ವಲ್ಡ್ ರಾಬರ್ಟ್‌ಸನ್ ಫ್ರಾನ್ಸಿನ ಯುದ್ಧಭೂಮಿಯಲ್ಲಿ ಸಿಟ್ರೇಟ್ ಮತ್ತು ಗ್ಲೂಕೋಸ್ ಬೆರೆಸಿದ ರಕ್ತವನ್ನು ಮಂಜುಗಡ್ಡೆಯ ಮೇಲಿಟ್ಟು ಗಾಯಾಳುಗಳಿಗೆ ಕೊಟ್ಟ. 1937ರಲ್ಲಿ ಶಿಕಾಗೋದ ಕುಕ್ ಕೌಂಟಿ ಆಸ್ಪತ್ರೆಯ ಬರ್ನಾರ್ಡ್ ಫ್ಯಾಂಟಸ್ ತನ್ನ ಸಂಗ್ರಹಾಲಯಕ್ಕೆ ಬ್ಲಡ್ ಬ್ಯಾಂಕ್ ಎಂದು ಹೆಸರಿಟ್ಟ. ದಾನಿ ಮತ್ತು ರೋಗಿ ಅಕ್ಕಪಕ್ಕದಲ್ಲಿ ಮಲಗಿರುತ್ತಿದ್ದ ಕಾಲ ಹೀಗೆ ಮುಗಿಯಿತು. ರಕ್ತವು ಹೆಸರುಚೀಟಿ ಅಂಟಿಸಿದ ಸೀಸೆಯಾಗಿ ದಿನಗಟ್ಟಲೆ ಕಾಯತೊಡಗಿದಾಗ, ಶೈತ್ಯ, ಅವಧಿ, ಸೋಂಕು ಮತ್ತು ದಾಖಲೆಗಳೆಲ್ಲವೂ ಗುಣಮಟ್ಟದ ಪ್ರಶ್ನೆಗಳಾದವು.

ಆರ್‌ಎಚ್ ಅಂಶ ಮತ್ತು ಕೂಂಬ್ಸ್ ಪರೀಕ್ಷೆ

ಎಬಿಓ ಗುಂಪು ಹೊಂದಿದ್ದರೂ ಅನಾಹುತಗಳಾಗುತ್ತಿದ್ದುದಕ್ಕೆ ಕಾರಣ 1939–40ರಲ್ಲಿ ಬೆಳಕಿಗೆ ಬಂದಿತು. ಸತ್ತ ಮಗುವನ್ನು ಹೆತ್ತ ತಾಯಿಯೊಬ್ಬಳಿಗೆ ಅದೇ ಎಬಿಓ ಗುಂಪಿನ ಗಂಡನ ರಕ್ತವನ್ನು ಕೊಟ್ಟಾಗ ಆಕೆಯಲ್ಲಿ ತೀವ್ರ ಪ್ರತಿಕ್ರಿಯೆ ಉಂಟಾಯಿತು. ಫಿಲಿಪ್ ಲೆವಿನ್ ಮತ್ತು ರೂಫಸ್ ಸ್ಟೆಟ್ಸನ್ ಪರೀಕ್ಷಿಸಿದಾಗ, ಎಬಿಓ ದೃಷ್ಟಿಯಿಂದ ಹೊಂದಬೇಕಿದ್ದ 104 ಮಂದಿಯ ರಕ್ತದಲ್ಲಿ 80ನ್ನು ಆಕೆಯ ಸೀರಮ್ ಗಂಟುಗಟ್ಟಿಸಿತು. ಮಗು ತಂದೆಯಿಂದ ಪಡೆದ ಪ್ರತಿಜನಕವೊಂದಕ್ಕೆ ತಾಯಿಯ ದೇಹ ಪ್ರತಿಕಾಯ ತಯಾರಿಸಿದೆ ಎಂಬ ಅವರ ವಿವರಣೆ ಸರಿಯಾಗಿತ್ತು. ಮರುವರ್ಷ ಲ್ಯಾಂಡ್‌ಸ್ಟೈನರ್ ಮತ್ತು ಅಲೆಕ್ಸಾಂಡರ್ ವೀನರ್ ರೀಸಸ್ ಕೋತಿಯ ಕಣಗಳ ವಿರುದ್ಧ ತಯಾರಿಸಿದ ಸೀರಮ್ಮಿನಿಂದ ಆರ್‌ಎಚ್ ಅಂಶವನ್ನು ವರ್ಣಿಸಿದರು. ಆರ್‌ಎಚ್ ವ್ಯವಸ್ಥೆಯ ಡಿ ಪ್ರತಿಜನಕವಿದ್ದವರು ಪಾಸಿಟಿವ್, ಇಲ್ಲದವರು ನೆಗೆಟಿವ್; ಭಾರತೀಯರಲ್ಲಿ ನೆಗೆಟಿವ್ ಇರುವವರು ಶೇಕಡಾ 5ರ ಆಸುಪಾಸು.

ಆದರೆ ಡಿ ವಿರುದ್ಧದ ಹಲವು ಪ್ರತಿಕಾಯಗಳು ಕಣಗಳಿಗೆ ಅಂಟಿಕೊಂಡರೂ ಲವಣದ್ರಾವಣದಲ್ಲಿ ಗಂಟು ಕಟ್ಟಿಸುತ್ತಿರಲಿಲ್ಲ, ಏಕೆಂದರೆ ಕಣದಿಂದ ಕಣಕ್ಕೆ ಇರುವ ಅಂತರವನ್ನು ದಾಟುವಷ್ಟು ಅವು ದೊಡ್ಡವಲ್ಲ. ಕೇಂಬ್ರಿಡ್ಜಿನ ರಾಬಿನ್ ಕೂಂಬ್ಸ್ 1945ರಲ್ಲಿ ಆರ್ಥರ್ ಮೌರಂಟ್ ಮತ್ತು ರಾಬರ್ಟ್ ರೇಸ್ ಜೊತೆಗೂಡಿ ಇದಕ್ಕೆ ಪರಿಹಾರ ಕೊಟ್ಟ. ಮನುಷ್ಯನ ಪ್ರತಿಕಾಯಗಳೂ ಪ್ರೋಟೀನುಗಳೇ ಆದ್ದರಿಂದ, ಅವುಗಳ ವಿರುದ್ಧ ಮೊಲಗಳಲ್ಲಿ ಬೆಳೆಸಿದ ಇನ್ನೊಂದು ಪ್ರತಿಕಾಯವನ್ನು ತೊಳೆದ ಕಣಗಳಿಗೆ ಸೇರಿಸಿದರೆ ಅದು ನಡುವಿನ ಕೊಂಡಿಯಾಗಿ ನಿಂತು ಗಂಟು ಕಾಣಿಸುತ್ತದೆ. ಕೆಲ್, ಡಫಿ ಮೊದಲಾದ ವ್ಯವಸ್ಥೆಗಳು ಈ ಪರೀಕ್ಷೆಯ ಬಲದಿಂದಲೇ ಪತ್ತೆಯಾದವು. ಆರ್‌ಎಚ್ ನೆಗೆಟಿವ್ ತಾಯಂದಿರಿಗೆ ಆಂಟಿ-ಡಿ ಚುಚ್ಚುಮದ್ದು ಕೊಟ್ಟು ಮುಂದಿನ ಶಿಶುಗಳನ್ನು ರಕ್ಷಿಸುವ ಕ್ರಮ 1968ರ ಹೊತ್ತಿಗೆ ಬಳಕೆಗೆ ಬಂದಿತು.

ಬಾಂಬೆ ಗುಂಪು ಮತ್ತು ಹುರುಳಿಕಾಳು

ಈ ಶಾಸ್ತ್ರಕ್ಕೆ ಭಾರತದಿಂದ ಸಂದ ಎರಡು ಕೊಡುಗೆಗಳು ಇಂದಿಗೂ ಜಗತ್ತಿನ ಪ್ರಯೋಗಾಲಯಗಳಲ್ಲಿ ನಿತ್ಯ ನೆನಪಾಗುತ್ತವೆ. ಮುಂಬಯಿಯ ವೈ. ಎಂ. ಭೇಂಡೆ, ಸಿ. ಕೆ. ದೇಶಪಾಂಡೆ, ಎಚ್. ಎಂ. ಭಾಟಿಯಾ ಮತ್ತು ಅವರ ಬ್ರಿಟಿಷ್ ಸಹಲೇಖಕರು 1952ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ವರ್ಣಿಸಿದ ಬಾಂಬೆ ಗುಂಪು ಮೊದಲನೆಯದು. ಎ ಮತ್ತು ಬಿ ಪ್ರತಿಜನಕಗಳು ರೂಪುಗೊಳ್ಳುವುದು ಎಚ್ ಎಂಬ ಮೂಲದ್ರವ್ಯದಿಂದ. ಓ ಗುಂಪಿನವರಲ್ಲಿ ಈ ಎಚ್ ಹಾಗೆಯೇ ಉಳಿದಿರುತ್ತದೆ. ಬಾಂಬೆ ಗುಂಪಿನವರಲ್ಲಿ ಎಚ್ ಕೂಡ ಇರುವುದಿಲ್ಲ, ಬದಲಿಗೆ ಅದರ ವಿರುದ್ಧ ಪ್ರಬಲ ಪ್ರತಿಕಾಯವಿರುತ್ತದೆ. ನೇರ ನಿರ್ಣಯವೊಂದನ್ನೇ ನೆಚ್ಚಿಕೊಂಡರೆ ಇವರು ಓ ಗುಂಪಿನವರೆಂದೇ ತೋರುತ್ತಾರೆ, ಆದರೆ ಓ ರಕ್ತ ಕೊಟ್ಟರೆ ಅದು ಇವರಿಗೆ ವಿಷಪ್ರಾಯ. ವಿಲೋಮ ನಿರ್ಣಯದಲ್ಲಿ ಎ ಮತ್ತು ಬಿ ಕಣಗಳ ಜೊತೆ ಓ ಕಣಗಳನ್ನೂ ಇಡಬೇಕೆಂಬ ನಿಯಮಕ್ಕೆ ಇದೇ ಬಲವಾದ ಕಾರಣ.

ಎರಡನೆಯದು ಕನ್ನಡನಾಡಿನ ಹೊಲಗಳಲ್ಲಿ ಬೆಳೆಯುವ ಹುರುಳಿಗೆ ಸಂಬಂಧಿಸಿದ್ದು. ಭಾರತದಲ್ಲಿ ಕೆಲಸ ಮಾಡುತ್ತಿದ್ದ ಜಾರ್ಜ್ ಬರ್ಡ್, ಹುರುಳಿಕಾಳಿನ ಸಾರವು ಎ ಗುಂಪಿನ ಕಣಗಳನ್ನು ಗಂಟುಗಟ್ಟಿಸುತ್ತದೆಂಬುದನ್ನು ಬೆಂಗಳೂರಿನಿಂದ ಹೊರಡುವ ಕರೆಂಟ್ ಸೈನ್ಸ್ ಪತ್ರಿಕೆಯಲ್ಲಿ 1951ರಲ್ಲಿ ಪ್ರಕಟಿಸಿದ. ತಕ್ಕ ಪ್ರಮಾಣದಲ್ಲಿ ತೆಳುಗೊಳಿಸಿದ ಸಾರ ಎ1 ಉಪಗುಂಪಿನ ಕಣಗಳನ್ನು ಗಂಟುಗಟ್ಟಿಸುತ್ತದೆ, ಎ2 ಕಣಗಳನ್ನು ಮುಟ್ಟುವುದಿಲ್ಲ. ಹೀಗೆ ವರ್ತಿಸುವ ಸಸ್ಯಜನ್ಯ ಪ್ರೋಟೀನುಗಳಿಗೆ ಲೆಕ್ಟಿನ್ ಎಂದು ಹೆಸರು. ಎ ಉಪಗುಂಪುಗಳನ್ನು ಬೇರ್ಪಡಿಸಲು ಪ್ರಯೋಗಾಲಯಗಳು ಇಂದಿಗೂ ಹುರುಳಿಯ ಲೆಕ್ಟಿನ್ನನ್ನೇ ಬಳಸುತ್ತವೆ.

ಪರೀಕ್ಷಾದ್ರವಗಳು ಮತ್ತು ವಿಧಾನಗಳು

ಮೊದಮೊದಲು ಪರೀಕ್ಷಾದ್ರವಗಳನ್ನು ಮನುಷ್ಯರ ಸೀರಮ್ಮಿನಿಂದಲೇ ತಯಾರಿಸುತ್ತಿದ್ದುದರಿಂದ ಒಂದು ತಯಾರಿಕೆಗೂ ಇನ್ನೊಂದಕ್ಕೂ ಬಲದಲ್ಲಿ ವ್ಯತ್ಯಾಸವಿರುತ್ತಿತ್ತು. 1975ರಲ್ಲಿ ಜಾರ್ಜ್ ಕೋಲರ್ ಮತ್ತು ಸೀಸರ್ ಮಿಲ್‌ಸ್ಟೈನ್ ಒಂದೇ ಕೋಶಸಂತತಿಯಿಂದ ಒಂದೇ ಬಗೆಯ ಪ್ರತಿಕಾಯವನ್ನು ಪಡೆಯುವ ಮಾನೋಕ್ಲೋನಲ್ ವಿಧಾನವನ್ನು ರೂಪಿಸಿದ ಮೇಲೆ, 1980ರ ದಶಕದಿಂದ ಏಕರೂಪದ ದ್ರವಗಳು ದೊರೆಯತೊಡಗಿದವು. ಗಾಜಿನ ಪಟ್ಟಿಯ ಮೇಲಿನ ಪರೀಕ್ಷೆಗಿಂತ ನಳಿಕೆಯ ಪರೀಕ್ಷೆ ಹೆಚ್ಚು ಸೂಕ್ಷ್ಮವಾದದ್ದು. ಫ್ರಾನ್ಸಿನ ಇವ್ ಲಾಪಿಯೆರ್ ರೂಪಿಸಿದ ಜೆಲ್ ವಿಧಾನದಲ್ಲಿ ಗಂಟುಗಟ್ಟಿದ ಕಣಗಳು ಜೆಲ್ಲಿನ ಮೇಲೆ ಸಿಕ್ಕಿಕೊಂಡು, ಬಿಡಿ ಕಣಗಳು ತಳಕ್ಕಿಳಿಯುವುದರಿಂದ ಫಲಿತಾಂಶವನ್ನು ಓದುವವರ ಕಣ್ಣಳತೆಯ ವ್ಯತ್ಯಾಸವೂ ಕಡಿಮೆಯಾಯಿತು.

ಗುಣಮಟ್ಟ ನಿಯಂತ್ರಣ

ಪ್ರಯೋಗಾಲಯದ ಗುಣಮಟ್ಟ ನಿಯಂತ್ರಣದ ತತ್ವ ಬಂದದ್ದು ಕೈಗಾರಿಕೆಯಿಂದ. ವಾಲ್ಟರ್ ಶೂಹಾರ್ಟ್ 1924ರಲ್ಲಿ ಬೆಲ್ ಕಂಪನಿಯಲ್ಲಿ ರೂಪಿಸಿದ ನಿಯಂತ್ರಣ ನಕ್ಷೆಯನ್ನು 1950ರಲ್ಲಿ ಲೆವಿ ಮತ್ತು ಜೆನ್ನಿಂಗ್ಸ್ ವೈದ್ಯಕೀಯ ಪ್ರಯೋಗಾಲಯಕ್ಕೆ ಅಳವಡಿಸಿದರು. ಅದಕ್ಕೂ ಮೊದಲು, 1947ರಲ್ಲಿ, ಬೆಲ್ಕ್ ಮತ್ತು ಸಂಡರ್‌ಮನ್ ಪೆನ್ಸಿಲ್ವೇನಿಯಾದ ಆಸ್ಪತ್ರೆಗಳಿಗೆ ಒಂದೇ ಮಾದರಿಯನ್ನು ಕಳುಹಿಸಿ, ಉತ್ತರಗಳು ಎಷ್ಟು ಬೇರೆಬೇರೆಯಾಗಿ ಬರುತ್ತವೆಂಬುದನ್ನು ಬಯಲುಮಾಡಿದ್ದರು. ಇಂದಿನ ಬಾಹ್ಯ ಗುಣಮಟ್ಟ ಪರಿಶೀಲನೆಯ ಮೂಲ ಅದು. ಈ ಕ್ರಮದಲ್ಲಿ ಹೊರಗಿನ ಸಂಸ್ಥೆ ಗುಟ್ಟಾಗಿ ಸಂಕೇತಿಸಿದ ಮಾದರಿಗಳನ್ನು ಕಳುಹಿಸಿ ಫಲಿತಾಂಶಗಳನ್ನು ಹೋಲಿಸುತ್ತದೆ.

ರಕ್ತಗುಂಪಿನ ಮೇಜಿನಲ್ಲಿ ಈ ತತ್ವ ದಿನಚರಿಯ ರೂಪ ತಾಳಿದೆ. ತಂತ್ರಜ್ಞರು ಬೆಳಿಗ್ಗೆ ರೋಗಿಯ ಮಾದರಿಯನ್ನು ಮುಟ್ಟುವ ಮೊದಲು ನೀಲಿ ಬಣ್ಣದ ಆಂಟಿ-ಎ, ಹಳದಿ ಬಣ್ಣದ ಆಂಟಿ-ಬಿ, ಬಣ್ಣವಿಲ್ಲದ ಆಂಟಿ-ಡಿ ಸೀಸೆಗಳಲ್ಲಿ ಕದಡು ಕಾಣಿಸಿಕೊಂಡಿದೆಯೇ, ಅವಧಿ ಮುಗಿದಿದೆಯೇ ಎಂದು ನೋಡುತ್ತಾರೆ. ಬಳಿಕ ಗೊತ್ತಿರುವ ಎ, ಬಿ, ಓ ಕಣಗಳಿಗೆ ದ್ರವಗಳನ್ನು ಸೇರಿಸುತ್ತಾರೆ. ಆಂಟಿ-ಎ ಎ ಕಣಗಳನ್ನು ಬಲವಾಗಿ ಗಂಟುಗಟ್ಟಿಸಬೇಕು, ಬಿ ಮತ್ತು ಓ ಕಣಗಳನ್ನು ಹಾಗೆಯೇ ಬಿಡಬೇಕು. ದ್ರವವು ಎಷ್ಟರಮಟ್ಟಿಗೆ ತೆಳುಗೊಳಿಸುವವರೆಗೆ ಕೆಲಸ ಮಾಡುತ್ತದೆಂಬುದು ಅದರ ಟೈಟರ್, ಎಷ್ಟು ಬೇಗ ಗಂಟು ಕಟ್ಟಿಸುತ್ತದೆಂಬುದು ಅದರ ಅವಿಡಿಟಿ. ಪ್ರತಿ ಹೊಸ ತಯಾರಿಕೆಯನ್ನು ಈ ಎರಡರಿಂದಲೂ ಅಳೆಯುತ್ತಾರೆ. ನಳಿಕೆಯಲ್ಲಿ ನಡೆಸಿದ ಕೂಂಬ್ಸ್ ಪರೀಕ್ಷೆಯಲ್ಲಿ ಗಂಟು ಕಾಣದಿದ್ದಾಗ, ಮೊದಲೇ ಪ್ರತಿಕಾಯ ಲೇಪಿಸಿದ ಕಣಗಳನ್ನು ಅದೇ ನಳಿಕೆಗೆ ಹಾಕುತ್ತಾರೆ. ಅವು ಗಂಟುಗಟ್ಟಿದರೆ ಮಾತ್ರ ಮೊದಲಿನ ಉತ್ತರ ಮಾನ್ಯ. ಇಲ್ಲವಾದರೆ ಕಣಗಳನ್ನು ಸರಿಯಾಗಿ ತೊಳೆದಿಲ್ಲ ಅಥವಾ ದ್ರವ ಕೆಟ್ಟಿದೆ ಎಂದು ಪರೀಕ್ಷೆಯನ್ನು ಮೊದಲಿನಿಂದ ಮಾಡಬೇಕು. ಶೈತ್ಯಪೆಟ್ಟಿಗೆ, 37 ಡಿಗ್ರಿಯ ಕಾವುಪೆಟ್ಟಿಗೆ, ಸೆಂಟ್ರಿಫ್ಯೂಜ್ ಯಂತ್ರಗಳೂ ಇಂಥದೇ ನಿಗಾಕ್ಕೆ ಒಳಪಡುತ್ತವೆ. ಕೆಂಪುಕಣಗಳನ್ನು 2–6 ಡಿಗ್ರಿ ಸೆಲ್ಸಿಯಸ್‌ನಲ್ಲಿ, ಪ್ಲೇಟ್‌ಲೆಟ್‌ಗಳನ್ನು 20–24 ಡಿಗ್ರಿಯಲ್ಲಿ ಸದಾ ಅಲುಗಾಡಿಸುತ್ತ ಇಡಬೇಕು.

ಇಷ್ಟೆಲ್ಲ ಇದ್ದರೂ ತಪ್ಪು ಗುಂಪಿನ ರಕ್ತ ರೋಗಿಗೆ ಸೇರುವ ಘಟನೆಗಳಿಗೆ ಮುಖ್ಯ ಕಾರಣ ಮೇಜಿನ ಮೇಲಿನ ಪರೀಕ್ಷೆಯಲ್ಲ, ಮಾದರಿ ತೆಗೆಯುವಾಗಲೂ ರಕ್ತ ಏರಿಸುವಾಗಲೂ ವ್ಯಕ್ತಿಯನ್ನು ಗುರುತಿಸುವುದರಲ್ಲಿ ಆಗುವ ಎಡವಟ್ಟು. ಹಾಸಿಗೆಯ ಪಕ್ಕದಲ್ಲೇ ಹೆಸರುಚೀಟಿ ಬರೆಯಬೇಕು, ಬೇರೆ ವೇಳೆಯಲ್ಲಿ ತೆಗೆದ ಎರಡನೆಯ ಮಾದರಿಯಿಂದ ಗುಂಪನ್ನು ದೃಢಪಡಿಸಬೇಕು ಎಂಬ ನಿಯಮಗಳು ಇದರಿಂದ ಹುಟ್ಟಿದವು.

ಭಾರತದಲ್ಲಿ

ಎರಡನೆಯ ಮಹಾಯುದ್ಧದ ಕಾಲದಲ್ಲಿ ಕಲ್ಕತ್ತಾದಲ್ಲಿ ಭಾರತದ ಮೊದಲ ರಕ್ತನಿಧಿ ನೆಲೆಗೊಂಡಿತು. 1957ರಲ್ಲಿ ಭಾರತೀಯ ವೈದ್ಯಕೀಯ ಸಂಶೋಧನಾ ಪರಿಷತ್ತು ಮುಂಬಯಿಯಲ್ಲಿ ರಕ್ತಗುಂಪು ಪರಾಮರ್ಶನ ಕೇಂದ್ರವನ್ನು ತೆರೆಯಿತು. ಕಾನೂನಿನ ದೃಷ್ಟಿಯಲ್ಲಿ ರಕ್ತವೂ ಒಂದು ಔಷಧಿ, ಹಾಗಾಗಿ ರಕ್ತನಿಧಿಗಳು 1940ರ ಔಷಧ ಮತ್ತು ಕಾಂತಿವರ್ಧಕ ಕಾಯಿದೆಯ ಅಡಿಯಲ್ಲಿ ಬರುತ್ತವೆ. ಕಾಮನ್ ಕಾಸ್ ಸಂಸ್ಥೆ ಹೂಡಿದ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು 1996ರ ಜನವರಿ 4ರಂದು ಕೊಟ್ಟ ತೀರ್ಪಿನಿಂದ ರಾಷ್ಟ್ರೀಯ ರಕ್ತಪೂರಣ ಮಂಡಳಿ ರಚನೆಯಾಯಿತು, ಪರವಾನಗಿ ಬಿಗಿಯಾಯಿತು, ಹಣಕ್ಕಾಗಿ ರಕ್ತ ಮಾರುವುದು 1998ರ ಜನವರಿ 1ರಿಂದ ನಿಂತಿತು. ರಾಷ್ಟ್ರೀಯ ರಕ್ತನೀತಿ 2002ರಲ್ಲಿ ಬಂದಿತು. ರಕ್ತಪೂರಣದ ಅನಾಹುತಗಳನ್ನು ದಾಖಲಿಸುವ ಹೀಮೋವಿಜಿಲೆನ್ಸ್ ಕಾರ್ಯಕ್ರಮ 2012ರ ಡಿಸೆಂಬರಿನಲ್ಲಿ ಆರಂಭವಾಯಿತು.

ಇಂದು ಅಂತರರಾಷ್ಟ್ರೀಯ ರಕ್ತಪೂರಣ ಸಂಘ ಮಾನ್ಯಮಾಡಿರುವ ರಕ್ತಗುಂಪು ವ್ಯವಸ್ಥೆಗಳು 40ಕ್ಕೂ ಹೆಚ್ಚಿವೆ, ಮತ್ತು ಹೊಂದದ ಪ್ರತಿಕ್ರಿಯೆಯನ್ನು ಬೆನ್ನಟ್ಟುವ ಹಳೆಯ ಕ್ರಮವೇ ಈಗಲೂ ಹೊಸದನ್ನು ಕೊಡುತ್ತಿದೆ. ಹೃದಯದ ಶಸ್ತ್ರಚಿಕಿತ್ಸೆಗೆ ದಾಖಲಾಗಿದ್ದ ಕೋಲಾರದ ಮಹಿಳೆಯೊಬ್ಬರ ಗುಂಪು ಓ ಪಾಸಿಟಿವ್ ಆಗಿದ್ದರೂ ಯಾವ ಓ ಪಾಸಿಟಿವ್ ರಕ್ತವೂ ಹೊಂದಲಿಲ್ಲ, ಕುಟುಂಬದವರ ರಕ್ತವೂ ಹೊಂದಲಿಲ್ಲ. ಬೆಂಗಳೂರಿನ ರೋಟರಿ ಟಿಟಿಕೆ ರಕ್ತಕೇಂದ್ರ ಆ ಮಾದರಿಯನ್ನು ಇಂಗ್ಲೆಂಡಿನ ಬ್ರಿಸ್ಟಲ್‌ನ ಪರಾಮರ್ಶನ ಪ್ರಯೋಗಾಲಯಕ್ಕೆ ಕಳುಹಿಸಿತು. ಕ್ರೋಮರ್ ವ್ಯವಸ್ಥೆಗೆ ಸೇರಿದ ಹೊಸ ಪ್ರತಿಜನಕ ಪತ್ತೆಯಾಗಿ, ಕ್ರೋಮರ್, ಇಂಡಿಯಾ, ಬೆಂಗಳೂರು ಎಂಬ ಹೆಸರುಗಳನ್ನು ಕೂಡಿಸಿ ಅದಕ್ಕೆ ಕ್ರಿಬ್ ಎಂದು ಹೆಸರಿಟ್ಟದ್ದನ್ನು 2025ರ ಜೂನ್‌ನಲ್ಲಿ ಮಿಲಾನ್ ಸಮ್ಮೇಳನದಲ್ಲಿ ಪ್ರಕಟಿಸಲಾಯಿತು. ಇಂಥ ರೋಗಿಗಳಿಗೆ ಸಲ್ಲುವ ರಕ್ತ ಸಿಗುವುದು ಅಪರೂಪದ ಗುಂಪಿನ ದಾನಿಗಳನ್ನು ಮೊದಲೇ ಗುರುತಿಸಿ ನೋಂದಾಯಿಸಿಟ್ಟಿದ್ದರೆ ಮಾತ್ರ. ಆದ್ದರಿಂದ ಆ ನೋಂದಣಿಯೂ ಇಂದು ರಕ್ತನಿಧಿಯ ಗುಣಮಟ್ಟದ ಒಂದು ಅಂಗವೆಂದೇ ಪರಿಗಣಿಸಬೇಕಾದದ್ದು.