ಕಾವಿ: ಒಂದು ಮಣ್ಣಿನ ಹಲವು ಹೆಸರು

ಕಾವಿ ಎಂದರೆ ಮಣ್ಣು. ಆ ಮಣ್ಣಿನ ಬಣ್ಣ. ಆ ಬಣ್ಣದಲ್ಲಿ ಅದ್ದಿದ ಬಟ್ಟೆ. ಬಟ್ಟೆಯ ನೆಪದಲ್ಲಿ ಸನ್ಯಾಸವೂ ಹೌದು. ಕುಮಟಾ, ಹೊನ್ನಾವರ, ಭಟ್ಕಳದ ಸೀಮೆಯಲ್ಲಿ ಇದಕ್ಕೆ ಇನ್ನೊಂದು ಅರ್ಥವೂ ಉಂಟು: ದೇವಸ್ಥಾನದ ಗಾರೆಗೋಡೆಯ ಮೇಲೆ ಕೆಂಪು, ಬಿಳಿ ಎರಡೇ ಬಣ್ಣದಲ್ಲಿ ಗೀರಿ ಮೂಡಿಸಿದ ಚಿತ್ರ. ಗೋವೆಯಿಂದ ಉತ್ತರ ಕನ್ನಡದ ಕರಾವಳಿಯವರೆಗೆ ಹಬ್ಬಿದ ಈ ಕಸುಬಿಗೆ ಕೊಂಕಣಿಯ ‘ಕಾವ್’ ಎಂಬ ಮಾತಿನಿಂದಲೇ ಕಾವಿ ಕಲೆ ಎಂಬ ಹೆಸರು ಬಂತು.

ಇಲ್ಲಿನ ನೆಲವೇ ಕೆಂಪು. ಮಳೆ ವರ್ಷಕ್ಕೆ 3000 ಮಿ.ಮೀ. ದಾಟುವ ಈ ಪಟ್ಟಿಯಲ್ಲಿ ಬಂಡೆಯೊಳಗಿನ ಕರಗುವ ಅಂಶಗಳೆಲ್ಲ ನೀರಿನ ಜೊತೆ ತೊಳೆದುಹೋಗಿ, ಕಬ್ಬಿಣ ಮತ್ತು ಅಲ್ಯೂಮಿನಿಯಂ ಉಳಿದು, ಕಬ್ಬಿಣ ತುಕ್ಕು ಹಿಡಿದು ಕಲ್ಲಾಗುತ್ತದೆ. ಅದೇ ಚಿರೆಕಲ್ಲು, ಮುರಕಲ್ಲು, ಜಂಬಿಟ್ಟಿಗೆ. ಪ್ರವಾಸಿ ಫ್ರಾನ್ಸಿಸ್ ಬುಕಾನನ್ 1801ರಲ್ಲಿ ಈ ಊರುಗಳನ್ನು ಹಾದುಹೋಗುವ ಮೊದಲೇ ಮಲಬಾರಿನಲ್ಲಿ ಈ ಕಲ್ಲನ್ನು ನೋಡಿದ್ದ. 1807ರಲ್ಲಿ ಅಚ್ಚಾದ ಅವನ ಪುಸ್ತಕದಲ್ಲಿ ಅದಕ್ಕೆ ಲ್ಯಾಟರೈಟ್ ಎಂದು ನಾಮಕರಣವಾಯಿತು. ಲ್ಯಾಟಿನ್‌ನಲ್ಲಿ ಇಟ್ಟಿಗೆ ಎಂಬ ಮಾತೇ ಅದರ ಬೇರು. ಜಂಬಿಟ್ಟಿಗೆ ಎಂದವರಿಗೆ ಈ ಹೋಲಿಕೆ ಅದಕ್ಕೂ ಮೊದಲೇ ಹೊಳೆದಿತ್ತು.

ಇಂಥ ಕೆಂಪು ನೆಲದಲ್ಲಿ ಕಬ್ಬಿಣದ ಅಂಶ ಹೆಚ್ಚಿರುವ ನುಣುಪು ಮಣ್ಣನ್ನು ಆರಿಸಿ, ನೀರಿನಲ್ಲಿ ಕದಡಿ, ತಿಳಿಯಾಗಲು ಬಿಟ್ಟು ಸೋಸಿದರೆ ಕಾವಿ ಸಿಗುತ್ತದೆ. ಅದರ ಹೆಸರುಗಳು ಹುಟ್ಟಿದ್ದು ಬೇರೆಬೇರೆ ಕಡೆಯಿಂದ. ಕೆಮ್ಮಣ್ಣು ಮನೆವಾರ್ತೆಯ ಮಾತು: ದೀಪಾವಳಿಯಲ್ಲಿ ಬಿಳಿಯ ಶೇಡಿಯ ಜೊತೆ ಗೋಡೆಗೂ ಹಟ್ಟಿಯ ದನಕರುಗಳ ಮೈಗೂ ಬೀಳುವುದು ಅದೇ. ಜಾಜು ಹೆಚ್ಚಾಗಿ ಘಟ್ಟದ ಮೇಲಿನ ಬಳಕೆ. ಸುಣ್ಣದ ಗೋಡೆಗೆ ಜಾಜಿನ ಪಟ್ಟೆ ಎಳೆದರೆ ಅದು ಕಾರಣೆ. ಸುಣ್ಣ–ಕಾರಣೆ ಎಂಬ ಜೋಡಿಮಾತು ಅಲ್ಲಿಂದ ಬಂದದ್ದು. ಸಂಸ್ಕೃತದ ಗೈರಿಕ ಗಿರಿಯಲ್ಲಿ ಸಿಗುವುದು ಎಂಬ ಅರ್ಥದ್ದು, ವೈದ್ಯರ ಬಾಯಲ್ಲಿ ಉಳಿದಿದೆ. ಕಷಾಯ ಮೊದಲು ಒಗರು ರುಚಿ, ಆಮೇಲೆ ಕಂದುಗೆಂಪು. ಹಾಗಾಗಿ ಕರಾವಳಿಯ ಮನೆಗಳಲ್ಲಿ ಕುಡಿಯುವ ಕಷಾಯವೂ ಸ್ವಾಮಿಗಳು ಉಡುವ ಕಾಷಾಯವೂ ಒಂದೇ ಪದದ ಮಕ್ಕಳು.

ಇವೆಲ್ಲಕ್ಕಿಂತ ದೂರದಿಂದ ಬಂದದ್ದು ಹುರಮಂಜಿ. ಪರ್ಶಿಯಾ ಕೊಲ್ಲಿಯ ಬಾಯಲ್ಲಿರುವ ಹೋರ್ಮುಜ್ ದ್ವೀಪದ ಮಣ್ಣು ಗಾಢ ಕೆಂಪು. ಆ ಊರ ಹೆಸರೇ ಬಣ್ಣಕ್ಕೆ ಅಂಟಿತು. ಮರಾಠಿಯಲ್ಲಿ ಅದು ಹುರಮುಂಜಿ. ಹಳೆಯ ಮೈಸೂರಿನ ಕಡೆ ಇಂದಿಗೂ ರಂಗೋಲಿಯ ಅಂಚಿಗೆ ಹುರಮಂಜಿ ಎಳೆಯುವವರಿದ್ದಾರೆ. ಹೋರ್ಮುಜ್ ಭಟ್ಕಳಕ್ಕೆ ಹೊಸ ಹೆಸರಲ್ಲ. ಭಟ್ಕಳ ವಿಜಯನಗರಕ್ಕೆ ಕುದುರೆ ಇಳಿಯುತ್ತಿದ್ದ ರೇವು. ಹೋರ್ಮುಜ್‌ನ ಹಡಗುಗಳು ವರ್ಷವರ್ಷ ಇಲ್ಲಿಗೆ ಕುದುರೆ, ಮುತ್ತು ತಂದು ಅಕ್ಕಿ, ಸಕ್ಕರೆ ತುಂಬಿಕೊಂಡು ಮರಳುತ್ತಿದ್ದುದನ್ನು ಪೋರ್ಚುಗೀಸ್ ಗುಮಾಸ್ತ ದುಆರ್ತೆ ಬಾರ್ಬೋಸ 16ನೆಯ ಶತಮಾನದ ಎರಡನೆಯ ದಶಕದಲ್ಲಿ ಬರೆದಿಟ್ಟಿದ್ದಾನೆ. ಲಾಭದ ಲೆಕ್ಕದಲ್ಲಿ ಕುದುರೆಯ ಮುಂದೆ ಮಣ್ಣು ಯಾವ ಮೂಲೆಗೆ? ಆದರೆ ಕನ್ನಡದಲ್ಲಿ ಹೋರ್ಮುಜ್‌ನ ಹೆಸರನ್ನು ಉಳಿಸಿದ್ದು ಮಣ್ಣೇ.

ಕೆಂಪು ಮಣ್ಣು ಚಿತ್ರವಾಗಲು ಕಾರಣ ಕೆಂಪು ಕಲ್ಲು. ಭಟ್ಕಳದ 16ನೆಯ ಶತಮಾನದ ಕೇತಪೈ ನಾರಾಯಣ ದೇವಸ್ಥಾನದ ಗೋಡೆಯಲ್ಲಿ ರಾಮಾಯಣದ ಉಬ್ಬುಶಿಲ್ಪಗಳಿವೆ. ಅದು ಗಟ್ಟಿ ಶಿಲೆಯ ಕಟ್ಟಡ, ಕಟ್ಟಿಸಿದವನು ಅನುಕೂಲಸ್ಥ ವರ್ತಕ. ಚಿರೆಕಲ್ಲಿಗೆ ಆ ಭಾಗ್ಯವಿಲ್ಲ. ತೂತುತೂತಾದ ಅದರ ಮೈಯಲ್ಲಿ ಮೂಗು, ಬೆರಳು, ಒಡವೆ ಕೆತ್ತಲು ಬಾರದು. ಅದಕ್ಕೆ ಗಾರೆ ಹೊದಿಸಲೇಬೇಕು, ಹೊದಿಸಿದ ಮೇಲೆ ಗಾರೆಯಲ್ಲೇ ದೇವರನ್ನು ಬರೆಯಬೇಕು.

ಗಾರೆಗೆ ಬೇಕಾದ ಸುಣ್ಣ ಹೊಳೆಯಿಂದ ಬರುತ್ತಿತ್ತು. ಅಘನಾಶಿನಿ, ಶರಾವತಿ ಅಳಿವೆಗಳ ಚಿಪ್ಪಿಯನ್ನು ಸುಟ್ಟು, ನೀರು ಹಾಕಿ ಅರಳಿಸಿ, ತೊಳೆದ ಮರಳು ಮತ್ತು ಬೆಲ್ಲದ ನೀರು ಬೆರೆಸಿ ದಿನಗಟ್ಟಲೆ ಕೊಳೆಹಾಕಿ, ಮತ್ತೆ ಕುಟ್ಟಿ ನುಣ್ಣಗೆ ಮಾಡುತ್ತಿದ್ದರು. ಗೋಡೆಗೆ ಬಿಳಿ ಗಾರೆ ಹಚ್ಚಿ, ಅದು ಹಸಿಯಾಗಿರುವಾಗಲೇ ಮೇಲೊಂದು ತೆಳು ಪದರ ಕಾವಿ ಬಳಿಯುವುದು. ಕೈವಾರದಿಂದ ವೃತ್ತ, ಕಂಠವೆಂಬ ಮೊನಚು ಉಕ್ಕಿನ ಕಡ್ಡಿಯಿಂದ ಗೆರೆ. ಬೇಡವಾದ ಕಡೆ ಕೆಂಪನ್ನು ಕೆರೆದರೆ ಕೆಳಗಿನ ಬಿಳಿ ಕಾಣುತ್ತದೆ. ಬಿಳಿಯ ಮೇಲೆ ಬಣ್ಣ ಹಚ್ಚುವ ಕೆಲಸವಲ್ಲ ಇದು, ಬಣ್ಣ ತೆಗೆಯುವ ಕೆಲಸ. ತಪ್ಪು ಗೀರಿದರೆ ತಿದ್ದುವುದು ಕಷ್ಟ. ಗಾರೆ ಬಿಗಿಯುವುದರೊಳಗೆ ಮುಗಿಸಲೇಬೇಕು. ಕೊನೆಗೆ ನುಣುಪು ಕಲ್ಲಿನಿಂದ ಉಜ್ಜಿ, ಕೆಲವು ದಿನ ನೀರು ಚಿಮುಕಿಸಿ ಹದ ಮಾಡುತ್ತಿದ್ದರು.

ಬಿಳಿಯ ಜೊತೆ ಕೆಂಪೊಂದೇ ಏಕೆ ಎಂಬುದಕ್ಕೆ ಉತ್ತರ ಸುಣ್ಣದಲ್ಲಿದೆ. ಹಸಿ ಸುಣ್ಣದ ಖಾರಕ್ಕೆ ಗಿಡಮೂಲದ ಬಣ್ಣಗಳು ಹೆಚ್ಚಾಗಿ ಕೆಡುತ್ತವೆ. ಕಬ್ಬಿಣದ ಕೆಂಪು ಖಾರಕ್ಕೂ ಬಿಸಿಲಿಗೂ ಜಗ್ಗುವುದಿಲ್ಲ. ಸುಣ್ಣ ಗಾಳಿ ಹೀರಿ ಕಲ್ಲಾಗುವಾಗ ಅದೂ ಒಳಗೆ ಸೆರೆಯಾಗುತ್ತದೆ. ಗಜಲಕ್ಷ್ಮಿ, ದಿಕ್ಪಾಲಕರು, ರಾಮಾಯಣ–ಮಹಾಭಾರತದ ಪ್ರಸಂಗಗಳು, ಸುತ್ತ ಬಳ್ಳಿಯ ಅಂಚು, ಅಲ್ಲಲ್ಲಿ ಕುದುರೆ ಸವಾರರು, ಎಲ್ಲವೂ ಇದೇ ಕೆಂಪಿನಲ್ಲಿ. ನೆರಳು–ಬೆಳಕಿನ ಛಾಯೆಗೆ ಇಲ್ಲಿ ಅವಕಾಶವಿಲ್ಲ. ಗೆರೆಯ ಬಿಗಿಯಲ್ಲೇ ಕಲಾವಿದನ ಕೈ ಗೊತ್ತಾಗುತ್ತದೆ.

ಉಡುಪಿನ ಕಾವಿಗೂ ಈ ಸೀಮೆಯಲ್ಲಿ ಹಳೆಯ ನೆಲೆಗಳಿವೆ. 1475ರಲ್ಲಿ ಆರಂಭವಾದ ಗೋಕರ್ಣ ಪರ್ತಗಾಳಿ ಮಠದ ಮೊದಲ ನೆಲೆ ಭಟ್ಕಳ. 1708ರಲ್ಲಿ ಗೋಕರ್ಣದಲ್ಲಿ ಶುರುವಾದ ಚಿತ್ರಾಪುರ ಸಾರಸ್ವತರ ಗುರುಪರಂಪರೆ 1757ರಿಂದ ಶಿರಾಲಿಯನ್ನು ಕೇಂದ್ರ ಮಾಡಿಕೊಂಡಿತು. ಕಾವಿಕಲ್ಲು ತೇಯ್ದ ನೀರಿನಲ್ಲಿ ಅದ್ದಿದ ಬಟ್ಟೆ ಇಟ್ಟಿಗೆಯ ಕೆಂಪಾಗುತ್ತದೆ. ಕಾರ್ಖಾನೆಯ ಬಣ್ಣ ಬಂದ ಮೇಲೆ ಅದು ಕಿತ್ತಳೆಗೆ ತಿರುಗಿತು. ಹೂವಿನೊಳಗಿನ ಎಳೆಯಿಂದ ಬಂದ ಕೇಸರಿ ಬೇರೆ, ಮಣ್ಣಿನ ಕಾವಿ ಬೇರೆ. ರಾಜಕೀಯದ ವರದಿಗಳಲ್ಲಿ ಎರಡೂ ಒಂದಾಗಿಬಿಟ್ಟಿವೆ. ಕಣ್ಣಿಗೆ ಮಾತ್ರ ಒಂದಲ್ಲ.

20ನೆಯ ಶತಮಾನದಲ್ಲಿ ಸಿಮೆಂಟ್ ಬಂದಾಗ ಕಾವಿ ಗೋಡೆ ಬಿಟ್ಟು ನೆಲಕ್ಕಿಳಿಯಿತು: ರೆಡ್ ಆಕ್ಸೈಡ್ ಬೆರೆಸಿ ನುಣುಪು ಮಾಡಿದ ಕಾವಿ ನೆಲ ಕರಾವಳಿಯ ಮನೆಗಳಲ್ಲಿ ಮಾಮೂಲಾಯಿತು. ಗೋಡೆಯ ಚಿತ್ರಗಳಿಗೆ ಜೀರ್ಣೋದ್ಧಾರವೇ ಕಂಟಕವಾಯಿತು. ಎಣ್ಣೆಬಣ್ಣ, ಟೈಲ್ಸ್, ಕಾಂಕ್ರೀಟಿನ ಕೆಳಗೆ ಅನೇಕ ಗೋಡೆಗಳು ಮುಚ್ಚಿಹೋದವು ಅಥವಾ ನೆಲಕ್ಕುರುಳಿದವು. ಹೊನ್ನಾವರದ ಕೃಷ್ಣಾನಂದ ಕಾಮತ್ (1934–2002) ಊರೂರು ತಿರುಗಿ ಉಳಿದವುಗಳ ಛಾಯಾಚಿತ್ರ ತೆಗೆದು ಬರೆದಿಟ್ಟದ್ದರಿಂದ ಈ ಕಲೆಯ ಹೆಸರು ಜಿಲ್ಲೆಯ ಆಚೆಗೂ ತಿಳಿಯಿತು. ಹಳೆಯ ಗೋಡೆ ಕೆಡವಲು ಹೊರಟ ಆಡಳಿತ ಮಂಡಳಿಗಳು ಅದಕ್ಕೂ ಮೊದಲು ಸುಣ್ಣದ ಪದರ ಕೆರೆಸಿ ನೋಡಿ, ಕಂಡದ್ದನ್ನು ಚಿತ್ರ ತೆಗೆಸಿಡುವುದು ದೊಡ್ಡ ಖರ್ಚಿನ ಕೆಲಸವೇನಲ್ಲ.